ಕ್ರಿಸ್‌ಮಸ್ ವಿಶೇಷ: ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳಿದ ಫರ್ಡಿನೆಂಡ್ ಕಿಟೆಲ್, ನಿಘಂಟುಕಾರನ ಬದುಕಿನಲ್ಲಿ ಗೋದಲಿಯ ಪಾಠ

ಚಾಣಕ್ಯಪುರಿ (ನವದೆಹಲಿ): ಡಿಸೆಂಬರ್ ಕೊನೆಯ ವಾರ ಬಂತೆಂದರೆ ದೆಹಲಿಯ ಚಾಣಕ್ಯಪುರಿಯ ಅಗಲ ರಸ್ತೆಗಳ ಮೇಲೆ ಮಂಜು ಇಳಿಯುತ್ತದೆ. ನೀತಿ ಮಾರ್ಗದಲ್ಲಿ ವ್ಯಾಟಿಕನ್ನಿನ ರಾಯಭಾರ ಕಚೇರಿ ಇದೆ. ಶಾಂತಿಪಥದಲ್ಲಿ ಜರ್ಮನಿಯ ರಾಯಭಾರ ಕಚೇರಿ, ನ್ಯಾಯ ಮಾರ್ಗದಲ್ಲಿ ಸ್ವಿಟ್ಜರ್‌ಲ್ಯಾಂಡಿನದು. ಅಲ್ಲಿಂದ ಹೆಚ್ಚು ದೂರವಿಲ್ಲದ ಕೌಟಿಲ್ಯ ಮಾರ್ಗದಲ್ಲಿ ನಮ್ಮ ಕರ್ನಾಟಕ ಭವನ. ದೆಹಲಿಗೆ ಕೆಲಸದ ಮೇಲೆ ಬರುವ ಕನ್ನಡಿಗರು ಈ ರಸ್ತೆಗಳಲ್ಲಿ ಓಡಾಡುತ್ತಲೇ ಇರುತ್ತಾರೆ. ಜರ್ಮನಿ, ಸ್ವಿಟ್ಜರ್‌ಲ್ಯಾಂಡ್ ಮತ್ತು ಕರ್ನಾಟಕವನ್ನು ತನ್ನ ಒಂದೇ ಬದುಕಿನಲ್ಲಿ ಸೇರಿಸಿದ ವ್ಯಕ್ತಿಯೊಬ್ಬರು ಇದ್ದರು ಎಂಬುದು ಮಾತ್ರ ಆಗ ಥಟ್ಟನೆ ನೆನಪಿಗೆ ಬರುವುದಿಲ್ಲ.

ಅವರು ರೆವರೆಂಡ್ ಫರ್ಡಿನೆಂಡ್ ಕಿಟೆಲ್. ಅವರು ಬದುಕಿದ್ದಾಗ ಚಾಣಕ್ಯಪುರಿ ಎಂಬ ಬಡಾವಣೆಯೇ ಇರಲಿಲ್ಲ. ಕರ್ನಾಟಕ ಎಂಬ ರಾಜ್ಯವೂ ಇರಲಿಲ್ಲ. ಆದರೆ ಕನ್ನಡವಿತ್ತು. ಆ ಕನ್ನಡಕ್ಕೆ ಅವರು ಕೊಟ್ಟ ನಿಘಂಟು ಎಲ್ಲರಿಗೂ ಗೊತ್ತು. ಯೇಸುವಿನ ಜೀವನವನ್ನು ಅವರು ಕನ್ನಡದ ಪದ್ಯದಲ್ಲಿ ಬರೆದಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಕಿಟೆಲ್ ಕಣ್ಮುಚ್ಚಿದ್ದು 1903ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಇನ್ನೊಂದು ವಾರವಿದೆ ಎನ್ನುವಾಗ. ಈ ಹಬ್ಬದ ಹೊತ್ತಿನಲ್ಲಿ ಅವರ ಬದುಕನ್ನು ನೆನೆಯಲು ಅದೂ ಒಂದು ಕಾರಣ.

ಕಡಲ ತೀರದ ಪಾದ್ರಿಯ ಮನೆ

1832ರ ಏಪ್ರಿಲ್‌ನಲ್ಲಿ ಉತ್ತರ ಜರ್ಮನಿಯ ಕಡಲ ತೀರಕ್ಕೆ ಸೇರಿದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಕಿಟೆಲ್ ಹುಟ್ಟಿದರು. ತಂದೆ ಗಾಟ್‌ಫ್ರೀಡ್ ಕ್ರಿಶ್ಚಿಯನ್ ಕಿಟೆಲ್ ಚರ್ಚಿನ ಪಾದ್ರಿ. ಪಾದ್ರಿಯ ಮನೆಯೆಂದ ಮೇಲೆ ಬೈಬಲ್ ಓದು, ಪ್ರಾರ್ಥನೆ, ಹಾಡು ಎಲ್ಲವೂ ದಿನಚರಿಯ ಭಾಗ. ಚಳಿಗಾಲದ ಕ್ರಿಸ್‌ಮಸ್ ಆ ಮನೆಯ ದೊಡ್ಡ ಹಬ್ಬ.

1850ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಕಿಟೆಲ್ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರಕ್ಕೆ ಹೋಗಿ ಬಾಸೆಲ್ ಮಿಷನ್ನಿನ ತರಬೇತಿ ಶಾಲೆ ಸೇರಿದರು. 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1834ರಲ್ಲೇ ಮಂಗಳೂರಿಗೆ ಕಾಲಿಟ್ಟಿತ್ತು. ಶಾಲೆ, ಮುದ್ರಣಾಲಯ, ಮುಂದೆ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆ ಹೀಗೆ ಕರಾವಳಿಯ ಬದುಕಿನಲ್ಲಿ ಅದು ಬೇರೂರಿತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್ ಇದೇ ಮಿಷನ್ನಿನವರು.

ಆ ಹಾದಿಯಲ್ಲೇ ನಡೆದ ಕಿಟೆಲ್ 1853ರಲ್ಲಿ ಧಾರವಾಡಕ್ಕೆ ಬಂದಿಳಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಊರು ಹೊಸದು, ಊಟ ಹೊಸದು, ಮಾತು ಪೂರಾ ಹೊಸದು.

ಬಂದವನೇ ಮೊದಲು ಕಲಿಯಬೇಕು

ಧರ್ಮ ಬೋಧಿಸಲೆಂದು ಬಂದವರು ಮೊದಲು ಕಲಿಯಲು ಕುಳಿತರು. ಕನ್ನಡ ಕಲಿತರೆ ಸಾಲದು, ಕನ್ನಡಿಗನಂತೆ ಆಗಬೇಕು ಎಂಬುದು ಕಿಟೆಲ್ ಹಿಡಿದ ದಾರಿ. ಗ್ರೀಕರ ನಡುವೆ ಗ್ರೀಕನಂತೆ ಇರಬೇಕೆಂಬ ಸಂತ ಪೌಲರ ಮಾತನ್ನು ಅವರು ಅಕ್ಷರಶಃ ತೆಗೆದುಕೊಂಡರು. ಇಲ್ಲಿನ ಕಾವ್ಯ ಓದಿದರು, ಸಂಗೀತಕ್ಕೆ ಕಿವಿಗೊಟ್ಟರು, ಜನರ ನಡೆನುಡಿ ಗಮನಿಸಿದರು.

ಕ್ರಿಸ್ತ ಜಯಂತಿಯ ತಿರುಳೂ ಇದೇ ಅಲ್ಲವೇ? ಲೂಕನ ಸುವಾರ್ತೆ ಹೇಳುವ ಕಥೆ ನಮಗೆಲ್ಲ ಗೊತ್ತು. ರೋಮ್ ಚಕ್ರವರ್ತಿ ಔಗುಸ್ತ ಜನಗಣತಿಗೆ ಆಜ್ಞೆ ಮಾಡುತ್ತಾನೆ. ತುಂಬು ಗರ್ಭಿಣಿ ಮರಿಯಳನ್ನು ಕರೆದುಕೊಂಡು ಯೋಸೇಫ ಬೆತ್ಲೆಹೇಮಿಗೆ ಬರುತ್ತಾನೆ. ಛತ್ರದಲ್ಲಿ ಜಾಗ ಸಿಗುವುದಿಲ್ಲ. ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ದನಗಳ ಗೋದಲಿಯಲ್ಲಿ ಮಲಗಿಸುತ್ತಾರೆ. ದೇವರು ಮನುಷ್ಯನ ಬಳಿಗೆ ಬರಬೇಕಾದಾಗ ಮನುಷ್ಯನಾಗಿಯೇ ಬಂದ, ಅದೂ ಮಾತು ಬಾರದ ಕೂಸಾಗಿ ಬಂದ ಎಂಬುದು ಕ್ರೈಸ್ತರ ನಂಬಿಕೆ. ಮಾತಿನ ಒಡೆಯನೇ ತಾಯಿಯ ಮಡಿಲಲ್ಲಿ ಕುಳಿತು ಆ ಊರಿನ ಭಾಷೆಯನ್ನು ಅಕ್ಷರ ಅಕ್ಷರವಾಗಿ ಕಲಿತ ಎಂದಾಯಿತು.

ಈ ನಂಬಿಕೆಯನ್ನು ಬಾಯಲ್ಲಿ ಹೇಳುವುದು ಸುಲಭ. ಪರಊರಿನಲ್ಲಿ, ಪರಭಾಷೆಯಲ್ಲಿ, ತಪ್ಪು ಉಚ್ಚಾರಣೆಗೆ ಮಕ್ಕಳು ನಗುವಾಗಲೂ ಕಲಿಯುತ್ತಾ ಕೂರುವುದು ಕಷ್ಟ. ಕೆಲಸಕ್ಕೆಂದು ದೆಹಲಿಗೆ ಬಂದು ಹಿಂದಿ ಕಲಿತ ಕನ್ನಡಿಗರಿಗೆ, ಬೆಂಗಳೂರಿಗೆ ಬಂದು ಕನ್ನಡ ಕಲಿಯುತ್ತಿರುವ ಹೊರಗಿನವರಿಗೆ ಈ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಕಥಾಮಾಲೆ: ಯೇಸುವಿನ ಕಥೆಗೆ ಕನ್ನಡದ ಲಯ

ಬಂದ ಒಂಬತ್ತೇ ವರ್ಷಕ್ಕೆ, 1862ರಲ್ಲಿ, ಕಿಟೆಲ್ ಅವರ ಕಥಾಮಾಲೆ ಪ್ರಕಟವಾಯಿತು. ಯೇಸುಕ್ರಿಸ್ತರ ಜೀವನಕಥೆಯನ್ನು ಹಾಡಿಕೊಳ್ಳಲು ಬರುವಂಥ ಈ ನೆಲದ ಛಂದಸ್ಸಿನಲ್ಲಿ ಹೇಳುವ ಕೃತಿ ಅದು.

ಅದುವರೆಗೆ ಚರ್ಚಿನಲ್ಲಿ ಜರ್ಮನ್ ಅಥವಾ ಇಂಗ್ಲಿಷ್ ರಾಗಕ್ಕೆ ಕನ್ನಡ ಪದ ಜೋಡಿಸಿ ಹಾಡುವುದು ಸಾಮಾನ್ಯವಾಗಿತ್ತು. ರಾಗ ಅಲ್ಲಿಯದು, ಪದ ಇಲ್ಲಿಯದು. ಕಿಟೆಲ್ ಹಾದಿ ಬದಲಿಸಿದರು. ಗದುಗಿನ ಭಾರತ, ಜೈಮಿನಿ ಭಾರತಗಳನ್ನು ಜಗಲಿಯ ಮೇಲೆ ಕುಳಿತು ಕೇಳಿ ಬೆಳೆದ ಜನರಿಗೆ ಕಥೆ ಎಂದರೆ ಹಾಡುವಂಥದ್ದು. ಆ ಕಿವಿಗೆ ಒಗ್ಗುವ ಲಯದಲ್ಲೇ ಬೆತ್ಲೆಹೇಮಿನ ಮಗುವಿನ ಕಥೆಯೂ ಬರಬೇಕು ಎಂಬುದು ಅವರ ಲೆಕ್ಕಾಚಾರ.

ಇಲ್ಲಿ ಒಂದು ಮಾತು ಗಮನಿಸಬೇಕು. ಕನ್ನಡ ಕ್ರೈಸ್ತರು ಕ್ರಿಸ್‌ಮಸ್ ಸಮಯದಲ್ಲಿ ಮನೆಯಲ್ಲಿ ಕಟ್ಟುವ ಬೊಂಬೆಗಳ ಕೊಟ್ಟಿಗೆಗೆ ಗೋದಲಿ ಎನ್ನುತ್ತಾರೆ. ಈ ಪದ ಹೊರಗಿನಿಂದ ಬಂದದ್ದೇನೂ ಅಲ್ಲ. ನಮ್ಮ ಹಳ್ಳಿಯ ಕೊಟ್ಟಿಗೆಯಲ್ಲಿ ದನಗಳಿಗೆ ಹುಲ್ಲು, ಬೂಸಾ ಹಾಕುವ ಜಾಗದ ಹೆಸರು ಅದು. ರೈತನ ಮನೆಯಲ್ಲಿ ಸಗಣಿ ವಾಸನೆಯ ನಡುವೆ ಇದ್ದ ಪದ ದೇವರ ಮಗುವಿನ ತೊಟ್ಟಿಲಿನ ಹೆಸರಾಯಿತು. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರ ಕ್ರಿಸ್‌ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನು ತಂದು ನಿಲ್ಲಿಸಿ ಆ ದೃಶ್ಯವನ್ನು ಆ ಊರಿನ ಜನರ ಕಣ್ಣಿಗೆ ಕಟ್ಟಿಸಿದ್ದರು. ಕಿಟೆಲ್ ಅದನ್ನು ಪದಗಳಲ್ಲಿ ಮಾಡಲು ಹೊರಟರು ಎನ್ನಬಹುದು.

ಮನೆಯೊಳಗೆ ಸಾವು, ಹೊರಗೆ ಅಸಮಾಧಾನ

1860ರಲ್ಲಿ ಕಿಟೆಲ್ ಅವರ ಮದುವೆ ಪೌಲಿನ್ ಐಟ್ ಎಂಬುವರೊಂದಿಗೆ ಆಗಿತ್ತು. ಕಥಾಮಾಲೆ ಹೊರಬಂದ ಎರಡೇ ವರ್ಷಕ್ಕೆ, 1864ರಲ್ಲಿ, ಪೌಲಿನ್ ತೀರಿಕೊಂಡರು. ಮೂರು ವರ್ಷಗಳ ನಂತರ, 1867ರಲ್ಲಿ, ಪೌಲಿನ್ ಅವರ ತಂಗಿ ಜೂಲಿ ಅವರನ್ನು ಕಿಟೆಲ್ ಮದುವೆಯಾದರು. ಅಂದಿನ ಮಿಷನರಿ ಮನೆಗಳಲ್ಲಿ ಕಾಯಿಲೆ, ಹೆರಿಗೆ, ಹವೆ ಯಾವಾಗ ಯಾರನ್ನು ಕರೆದೊಯ್ಯುತ್ತದೋ ಹೇಳಲಾಗುತ್ತಿರಲಿಲ್ಲ. ಮನೆಯಲ್ಲಿ ಸಾವಾದ ವರ್ಷವೂ ಡಿಸೆಂಬರ್ ಬರುತ್ತದೆ, ಚರ್ಚಿನಲ್ಲಿ ಸಂತೋಷದ ಹಾಡು ಹಾಡಬೇಕಾಗುತ್ತದೆ. ಹತ್ತಿರದವರನ್ನು ಕಳೆದುಕೊಂಡ ಯಾವ ಮನೆಗೂ ಈ ಸಂಕಟ ಹೊಸದಲ್ಲ.

ಹೊರಗಿನ ಕಥೆಯೂ ಸುಲಭವಾಗಿರಲಿಲ್ಲ. ಕಿಟೆಲ್ ಕನ್ನಡಿಗರ ಜತೆ ಬೆರೆಯುವ ರೀತಿ, ಓದು ಬರಹಕ್ಕೆ ಕೊಡುವ ಸಮಯ ಮಿಷನ್ನಿನ ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ. ಎಷ್ಟು ಜನ ಹೊಸದಾಗಿ ಚರ್ಚು ಸೇರಿದರು ಎಂಬುದು ಮಿಷನ್ನಿನ ಲೆಕ್ಕ. ಆ ಲೆಕ್ಕದಲ್ಲಿ ಕಿಟೆಲ್ ಹಿಂದೆ ಬಿದ್ದರು. ಅವರ ಬಗ್ಗೆ ನಂಬಿಕೆ ಕಡಿಮೆಯಾಯಿತು, ಅವರು ಸಂಸ್ಥೆಯ ಅಂಚಿಗೆ ಸರಿದರು. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಊರು ಬದಲಾಯಿತು.

ಧರ್ಮಪ್ರಚಾರಕರಾಗಿ ನೋಡಿದರೆ ಕಿಟೆಲ್ ಸೋತವರೇ. ಆದರೆ ಅಂಚಿನಲ್ಲಿ ಕುಳಿತೇ ಅವರು ತಮ್ಮ ದೊಡ್ಡ ಕೆಲಸ ಮಾಡಿದರು. ಛತ್ರದಲ್ಲಿ ಜಾಗ ಸಿಗದವರ ಕಥೆಯನ್ನು ಪ್ರತಿವರ್ಷ ಹೇಳುತ್ತಿದ್ದ ಮನುಷ್ಯನಿಗೆ ತನ್ನದೇ ಮನೆಯಲ್ಲಿ ಜಾಗ ಕಿರಿದಾದಾಗ ಏನನಿಸಿತೋ. ಕೆಲಸವಂತೂ ನಿಲ್ಲಲಿಲ್ಲ.

ಹಳೆಯ ತಾಳೆಗರಿಯಿಂದ ಸಂತೆಯ ಮಾತಿನವರೆಗೆ

1872ರಲ್ಲಿ ಕಿಟೆಲ್ 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಹೊರತಂದರು. ಛಂದೋಂಬುಧಿಗೆ ಬರೆದ ಪ್ರಬಂಧದಲ್ಲಿ ಅವರು ಕನ್ನಡ ಸಾಹಿತ್ಯ ಬೆಳೆದುಬಂದ ಬಗೆಯನ್ನು ವಿವರಿಸಿದರು. ಅಂಥ ಪ್ರಯತ್ನಗಳಲ್ಲಿ ಅದು ಬಹಳ ಮುಂಚಿನದು.

ಇದರ ಜತೆಗೇ ನಿಘಂಟಿನ ಕೆಲಸ. ವಿಲಿಯಂ ರೀವ್ ಅವರ ಕನ್ನಡ ನಿಘಂಟು ಬಂದು ದಶಕಗಳೇ ಕಳೆದಿದ್ದವು. ಹೊಸದೊಂದು ಬೇಕಿತ್ತು. ಸುಮಾರು ಎರಡು ದಶಕ ಕಿಟೆಲ್ ಇದಕ್ಕೆ ದುಡಿದರು. ನಡುವೆ ಜರ್ಮನಿಗೆ ಹೋದವರು, 1883ರಲ್ಲಿ ಪದ ಸಂಗ್ರಹದ ಕೆಲಸಕ್ಕಾಗಿಯೇ ಮತ್ತೆ ಭಾರತಕ್ಕೆ ಬಂದರು. ಆಗ ಅವರ ವಯಸ್ಸು ಐವತ್ತು ದಾಟಿತ್ತು.

ಆ ಕಾಲದ ಕನ್ನಡ ನಾಡಿನ ಸ್ಥಿತಿ ನೆನಪಿಡಬೇಕು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿ, ಮೈಸೂರು ಬೇರೆ, ಕೊಡಗು ಬೇರೆ. ಧಾರವಾಡದ ಮಾತು ಮಂಗಳೂರಿನವರಿಗೆ ಅರ್ಥವಾಗದ ಸಂದರ್ಭಗಳಿದ್ದವು. ಕಿಟೆಲ್ ಪಂಪ, ಕುಮಾರವ್ಯಾಸರ ಪದಗಳನ್ನೂ ಸಂತೆಯ ಪದಗಳನ್ನೂ ಗಾದೆಗಳನ್ನೂ ಒಂದೇ ಹೊತ್ತಗೆಗೆ ತಂದರು. ಸ್ಥಳೀಯ ಪಂಡಿತರ ನೆರವು ಪಡೆದರು. ತಮಿಳು, ತೆಲುಗು, ಮಲಯಾಳ, ತುಳುಗಳ ಸೋದರ ಪದಗಳನ್ನು ಪಕ್ಕದಲ್ಲಿಟ್ಟರು. ಸಂಸ್ಕೃತಕ್ಕೆ ದ್ರಾವಿಡ ಭಾಷೆಗಳಿಂದ ಹೋಗಿರಬಹುದೆಂದು ತಮಗೆ ತೋರಿದ ಪದಗಳ ಪಟ್ಟಿಯನ್ನೂ ಮುನ್ನುಡಿಯಲ್ಲಿ ಕೊಟ್ಟರು. 1956ರಲ್ಲಿ ರಾಜ್ಯ ಒಂದಾಗುವ ಆರು ದಶಕ ಮೊದಲೇ ಕನ್ನಡದ ಪ್ರದೇಶಗಳೆಲ್ಲ ಆ ಪುಟಗಳಲ್ಲಿ ಒಟ್ಟಿಗೆ ಕುಳಿತಿದ್ದವು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಆದರೆ ಪುಸ್ತಕ ಹೊರಬಂದಾಗ ಕಿಟೆಲ್ ಇಲ್ಲಿರಲಿಲ್ಲ. ಅವರು 1892ರಲ್ಲೇ ಜರ್ಮನಿಗೆ ಮರಳಿದ್ದರು.

ಡಿಸೆಂಬರ್ 1903

ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಇದೇ ವಿಶ್ವವಿದ್ಯಾಲಯ ಹಿಂದೆ ಮೊಗ್ಲಿಂಗ್ ಅವರಿಗೂ ಈ ಗೌರವ ಕೊಟ್ಟಿತ್ತು. ಡಾಕ್ಟರೇಟ್ ಬಂತೆಂದು ಕಿಟೆಲ್ ಸುಮ್ಮನೆ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣ ಗ್ರಂಥವನ್ನು ಇಂಗ್ಲಿಷಿನಲ್ಲಿ ಬರೆದರು. ಅದು ಅಚ್ಚಾದದ್ದು 1903ರಲ್ಲಿ.

ಅದೇ ವರ್ಷ ಡಿಸೆಂಬರ್‌ನಲ್ಲಿ, 71ನೇ ವಯಸ್ಸಿನಲ್ಲಿ, ಟ್ಯೂಬಿಂಗನ್ನಿನಲ್ಲಿ ಅವರು ಕೊನೆಯುಸಿರೆಳೆದರು. ಊರಿನ ಮನೆಗಳಲ್ಲಿ ಹಬ್ಬದ ತಯಾರಿ ನಡೆಯುವ ದಿನಗಳವು. ಧಾರವಾಡದ ಬಿಸಿಲಿನಿಂದ, ಮಂಗಳೂರಿನ ಮಳೆಯಿಂದ, ಕೊಡಗಿನ ಮಂಜಿನಿಂದ ಬಹಳ ದೂರದಲ್ಲಿ ಆ ಜೀವ ಹೋಯಿತು.

ದಿನನಿತ್ಯದ ನಂಬಿಕೆಗೆ ಏನು ಪಾಠ?

ಕ್ರಿಸ್‌ಮಸ್ ಎಂದರೆ ನಕ್ಷತ್ರದ ದೀಪ, ಕೇಕು, ಕರಾವಳಿಯ ಮನೆಗಳಲ್ಲಿ ಕುಸ್ವಾರ್ ತಿಂಡಿಗಳ ತಟ್ಟೆ. ಇವೆಲ್ಲ ಇರಲಿ. ಆದರೆ ಹಬ್ಬ ಮುಗಿದ ಮರುದಿನ ಆ ಕಥೆ ನಮಗೆ ಏನು ಹೇಳುತ್ತದೆ? ಕಿಟೆಲ್ ಬದುಕನ್ನು ಪಕ್ಕದಲ್ಲಿಟ್ಟು ನೋಡಿದರೆ ಮೂರು ಸಂಗತಿಗಳು ಕಾಣುತ್ತವೆ.

ಮೊದಲನೆಯದು, ಇನ್ನೊಬ್ಬರ ಮನೆಗೆ ಹೋಗುವ ಬಗೆ. ಬೆತ್ಲೆಹೇಮಿನ ಮಗು ಕೈಚಾಚಿ ಎತ್ತಿಕೊಳ್ಳಲು ಬರುವಂತೆ ಹುಟ್ಟಿತು. ಅದನ್ನು ನೋಡಲು ಕುರುಬರು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಗಂಡ ಹೆಂಡತಿ, ಅತ್ತೆ ಸೊಸೆ, ಮಾಲೀಕ ಕೆಲಸಗಾರ ಯಾರ ನಡುವೆಯೇ ಆಗಲಿ, ಎದುರಿಗಿರುವವರ ಮಾತನ್ನು ಮೊದಲು ಕಲಿತವರಿಗೆ ಬಾಗಿಲು ಬೇಗ ತೆರೆಯುತ್ತದೆ.

ಎರಡನೆಯದು, ಕಾಣದ ದುಡಿಮೆ. ಸುವಾರ್ತೆಗಳು ಯೇಸುವಿನ ಹುಟ್ಟನ್ನು ಹೇಳುತ್ತವೆ, ಹನ್ನೆರಡರ ವಯಸ್ಸಿನ ಒಂದು ಘಟನೆ ಹೇಳುತ್ತವೆ, ಮುಂದೆ ಸುಮಾರು ಮೂವತ್ತರ ವಯಸ್ಸಿನವರೆಗೆ ಏನೂ ಹೇಳುವುದಿಲ್ಲ. ನಜರೇತಿನ ಬಡಗಿಯ ಮನೆಯಲ್ಲಿ ಸದ್ದಿಲ್ಲದೆ ಕಳೆದ ವರ್ಷಗಳವು. ಕಿಟೆಲ್ ನಿಘಂಟಿಗೆ ಕೊಟ್ಟ ವರ್ಷಗಳೂ ಹಾಗೆಯೇ. ದಿನಕ್ಕಿಷ್ಟು ಪದ, ಒಂದಾದ ಮೇಲೊಂದು ಚೀಟಿ. ಬೆಳಗ್ಗೆ ಎದ್ದು ಡಬ್ಬಿ ಕಟ್ಟುವ ತಾಯಿ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್, ಬಸ್ ಓಡಿಸುವ ಚಾಲಕ ಇವರ ನಂಬಿಕೆಯೂ ಇಂಥ ಕೆಲಸದಲ್ಲೇ ಇರುತ್ತದೆ.

ಮೂರನೆಯದು, ಸೋಲಿನ ಲೆಕ್ಕ. ಗೋದಲಿಯ ರಾತ್ರಿ ಅರಮನೆಯ ಲೆಕ್ಕದಲ್ಲಿ ಏನೂ ಅಲ್ಲ. ಜನಗಣತಿಯ ಪಟ್ಟಿಗೆ ಇನ್ನೊಂದು ಹೆಸರು ಸೇರಿತು, ಅಷ್ಟೇ. ಮತ್ತಾಯನ ಸುವಾರ್ತೆಯ ಪ್ರಕಾರ ಆ ಕುಟುಂಬ ಹೆರೋದನಿಗೆ ಹೆದರಿ ಈಜಿಪ್ಟಿಗೆ ಓಡಬೇಕಾಯಿತು. ಮಿಷನ್ನಿನ ಲೆಕ್ಕದಲ್ಲಿ ಕಿಟೆಲ್ ಕೂಡ ಸೋತರು. ಅವರು ಬಿತ್ತಿದ್ದು ಬೇರೆ ಹೊಲದಲ್ಲಿ ಬೆಳೆಯಿತು.

ಇನ್ನೊಂದು ಮುಖವೂ ಇದೆ

ಕಿಟೆಲ್ ಅವರನ್ನು ಹೊಗಳುವಾಗ ಒಂದು ವಿಷಯ ಮರೆಮಾಚಬಾರದು. ಅವರು ಬಂದದ್ದು ಧರ್ಮಪ್ರಚಾರಕ್ಕೆ. ಯಜ್ಞದ ಬಗ್ಗೆ 1872ರಲ್ಲಿ ಬರೆದ ಪುಸ್ತಕವಾಗಲಿ, ಲಿಂಗಾರಾಧನೆಯ ಮೂಲದ ಬಗ್ಗೆ 1876ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪುಸ್ತಕವಾಗಲಿ ಆ ದೃಷ್ಟಿಯಿಂದಲೇ ಹುಟ್ಟಿದವು. ಬ್ರಿಟಿಷ್ ಆಳ್ವಿಕೆಯ ನೆರಳಿನಲ್ಲೇ ಮಿಷನ್ ಕೆಲಸ ಮಾಡಿತು. ಇದನ್ನು ಪ್ರಶ್ನಿಸುವವರ ಮಾತಿನಲ್ಲಿ ಹುರುಳಿದೆ.

ಆದರೂ ಒಂದು ವಿಚಿತ್ರ ನಡೆಯಿತು. ಕನ್ನಡಿಗರನ್ನು ಬದಲಿಸಲು ಬಂದವರನ್ನು ಕನ್ನಡವೇ ಬದಲಿಸಿತು. ಜೈನ ಕವಿಯ ಪದಕ್ಕೆ, ವೀರಶೈವ ಕವಿಯ ಪದಕ್ಕೆ, ದಾಸರ ಪದಕ್ಕೆ ಅವರು ಒಂದೇ ತಕ್ಕಡಿ ಹಿಡಿದರು. ನಿಘಂಟಿನಲ್ಲಿ ಯಾವ ಪದವೂ ಧರ್ಮದ ಕಾರಣಕ್ಕೆ ಹೊರಗೆ ನಿಲ್ಲಲಿಲ್ಲ. ಛತ್ರದಲ್ಲಿ ಜಾಗವಿಲ್ಲ ಎನ್ನದೆ ಎಲ್ಲರನ್ನೂ ಒಳಗೆ ಕರೆದ ಹೊತ್ತಗೆ ಅದು.

ಇಂದಿಗೂ ಉಳಿದ ಹೆಸರು

ಆ ನಿಘಂಟನ್ನು ವಿದ್ವಾಂಸ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ 1971ರ ನಡುವೆ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಮುಂದೆ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಬೃಹತ್ ನಿಘಂಟು ತಂದರೂ ಕಿಟೆಲ್ ಕೋಶ ಮೂಲೆ ಸೇರಲಿಲ್ಲ. ಹಳಗನ್ನಡ ಪದವೊಂದಕ್ಕೆ ಅರ್ಥ ಸಿಗದಾಗ ಕಿಟೆಲ್ ನೋಡಿ ಎಂದು ಮೇಷ್ಟ್ರು ಹೇಳುವುದು ಇಂದಿಗೂ ಇದೆ. ಮನುಷ್ಯನ ಹೆಸರೇ ಪುಸ್ತಕದ ಹೆಸರಾಯಿತು.

ಧಾರವಾಡದಲ್ಲಿ ಕಿಟೆಲ್ ಕಾಲೇಜು ಇದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ಇದೆ. ಆಸ್ಟಿನ್ ಟೌನ್‌ಗೆ ಕಿಟೆಲ್ ನಗರ ಎಂಬ ಹೆಸರೂ ಇದೆ. ಬದುಕಿದ್ದಾಗ ತನ್ನವರಿಂದಲೇ ಬದಿಗೆ ಸರಿಸಲ್ಪಟ್ಟವರಿಗೆ ಊರಿನವರು ಕೊಟ್ಟ ಜಾಗವಿದು.

ಈ ಡಿಸೆಂಬರ್‌ನಲ್ಲಿ ನೀವು ಚರ್ಚಿಗೆ ಹೋಗಬಹುದು, ಹೋಗದಿರಬಹುದು. ಗೋದಲಿ ಕಟ್ಟಿದ ಮನೆಯೊಂದು ನಿಮ್ಮ ಬೀದಿಯಲ್ಲಿದ್ದರೆ ಒಮ್ಮೆ ಹೋಗಿ ನೋಡಿ. ಹುಲ್ಲಿನ ಮೇಲೆ ಮಲಗಿಸಿದ ಆ ಮಗುವಿನ ಬೊಂಬೆಯ ಮುಂದೆ ಮಕ್ಕಳು ಇದಕ್ಕೆ ಗೋದಲಿ ಅಂತ ಯಾಕೆ ಅನ್ನುತ್ತಾರೆ ಎಂದು ಕೇಳಿದರೆ, ದನದ ಕೊಟ್ಟಿಗೆಯ ಕಥೆ ಹೇಳಿ. ಜತೆಗೆ, ಅಂಥ ಸಾವಿರಾರು ಪದಗಳನ್ನು ಹುಡುಕಿ ಜೋಪಾನ ಮಾಡಿ, ಕ್ರಿಸ್‌ಮಸ್‌ಗೆ ಒಂದು ವಾರವಿರುವಾಗ ಹೊರಟುಹೋದ ಒಬ್ಬ ಅಜ್ಜನ ಕಥೆಯನ್ನೂ ಹೇಳಿ.